ಕಂತಿನಲ್ಲಿ ಜಮೀನು ಮಾರುತ್ತೀರಾ? ಕ್ರಯಪತ್ರ ಕೊನೆಗಿರಲಿ

ಖಾಲಿ ಜಮೀನು ಕೊಳ್ಳಲು ಬ್ಯಾಂಕ್ ಸಾಲ ಸುಲಭವಾಗಿ ಹುಟ್ಟುವುದಿಲ್ಲ. ಹಾಗಾಗಿ ಕೊಳ್ಳುವವರು, "ಅರ್ಧ ಈಗ ಕೊಡ್ತೀವಿ, ಉಳಿದದ್ದು ವರ್ಷದೊಳಗೆ. ರಿಜಿಸ್ಟರ್ ಮಾಡಿಕೊಟ್ಟುಬಿಡಿ" ಅನ್ನುತ್ತಾರೆ. ರೇಟೂ ಸ್ವಲ್ಪ ಜಾಸ್ತಿ ಹೇಳಿರುತ್ತಾರೆ, ಆಸೆಯಾಗುತ್ತದೆ. ಒಪ್ಪಲೇಬಾರದು ಅಂತಲ್ಲ. ಯಾವ ಕಾಗದ ಮೊದಲು, ಯಾವುದು ಆಮೇಲೆ ಅನ್ನುವುದು ಗೊತ್ತಿರಬೇಕು.

ಮೊದಲು ಕ್ರಯದ ಕರಾರು, ಅಂದರೆ ಅಗ್ರಿಮೆಂಟ್ ಮಾತ್ರ ಮಾಡಿ. ಕ್ರಯಪತ್ರ ನೋಂದಣಿಯಾಯಿತೆಂದರೆ ಜಮೀನು ಅವರದ್ದು, ಬಾಕಿ ಬರಲಿ ಬಿಡಲಿ. ಸೂರತ್‌ನ ಜಮೀನೊಂದರ ಪ್ರಕರಣ ನೋಡಿ. 1.74 ಕೋಟಿ ರೂಪಾಯಿಯ ಕ್ರಯ, ಪತ್ರದಲ್ಲಿ 36 ಚೆಕ್‌ಗಳ ಉಲ್ಲೇಖ. ನಮಗೆ ಮುಟ್ಟಿದ್ದು ಬರೀ 40 ಸಾವಿರ ಎಂದು ಮಾರಿದವರು ಐದು ವರ್ಷದ ಮೇಲೆ ದಾವೆ ಹೂಡಿದರು. ಅದೇ ನಿಜವೆಂದುಕೊಂಡರೂ ಕ್ರಯ ರದ್ದಾಗುವುದಿಲ್ಲ, ಬಾಕಿ ವಸೂಲಿಗೆ ದಾರಿಯಿತ್ತಷ್ಟೇ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ರದ್ದು ಕೇಳಲು ಇದ್ದ ಮೂರು ವರ್ಷದ ಗಡುವೂ ಮುಗಿದಿತ್ತು.

ಬಾಕಿ ಇಟ್ಟುಕೊಂಡೇ ಕ್ರಯ ಮಾಡಬೇಕಾಗಿ ಬಂದರೆ, ಪತ್ರದಲ್ಲಿ "ಕ್ರಯದ ಹಣ ಪೂರ್ತಿ ಸಂದಾಯವಾಗಿದೆ" ಎಂಬ ಸಾಲು ಇದೆಯೇ ನೋಡಿ. ಪತ್ರ ಬರಹಗಾರರು ಅಭ್ಯಾಸಬಲದಿಂದ ಅದನ್ನು ಹಾಕಿಬಿಡುತ್ತಾರೆ. ತೆಗೆಸಿ. ಎಷ್ಟು ಬಂದಿದೆ, ಎಷ್ಟು ಬಾಕಿ, ಯಾವ ತಾರೀಖಿಗೆ ಎಂದು ಬರೆಸಿ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ ಬಾಕಿ ಹಣಕ್ಕೆ ಆ ಜಮೀನಿನ ಮೇಲೇ ನಿಮಗೆ ಹಕ್ಕಿರುತ್ತದೆ. ಪತ್ರದಲ್ಲಿ ಬಾಕಿ ಕಾಣಿಸಿದ್ದರೆ ಮುಂದೆ ಕೊಂಡವರು "ನಮಗೆ ಗೊತ್ತೇ ಇರಲಿಲ್ಲ" ಅನ್ನುವಂತಿಲ್ಲ. ಅದೇ ದಿನ ಕೊಂಡವರಿಂದ ಅಡಮಾನ ಪತ್ರ ನೋಂದಾಯಿಸಿಕೊಂಡರೆ ಇನ್ನೂ ಗಟ್ಟಿ.

ಇನ್ನು ಸ್ವಾಧೀನ. "ಸುಮ್ನೆ ಬೇಲಿ ಹಾಕ್ಕೊಳ್ತೀವಿ" ಅಂತ ಶುರುವಾಗುತ್ತದೆ. ಆಮೇಲೆ ಜೆಸಿಬಿ ಬರುತ್ತದೆ, ಮಣ್ಣಿನ ರಸ್ತೆ ಬೀಳುತ್ತದೆ, ಸೈಟ್ ಕಲ್ಲು ನೆಡುತ್ತಾರೆ. ನೋಂದಾಯಿತ ಅಗ್ರಿಮೆಂಟಿನ ಮೇಲೆ ಸ್ವಾಧೀನ ಕೊಟ್ಟಿದ್ದು, ಕರಾರಿನಂತೆ ನಡೆಯಲು ಅವರು ಸಿದ್ಧರಿದ್ದರೆ, ಬಿಡಿಸಲಾಗುವುದಿಲ್ಲ. ಸ್ವಾಧೀನ ಸಹಿತ ಅಗ್ರಿಮೆಂಟಿಗೆ ಮುದ್ರಾಂಕ ಶುಲ್ಕವೂ ಕ್ರಯಪತ್ರದಷ್ಟೇ. ಜಿಪಿಎ, ಅಂದರೆ ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರವನ್ನಂತೂ ಕೊಡಲೇಬೇಡಿ. ನಿಮ್ಮ ಹೆಸರಿನಲ್ಲೇ ಯಾರ್ಯಾರಿಗೋ ಮಾರಿಬಿಡಬಹುದು.

ಅಗ್ರಿಮೆಂಟ್ ನೋಂದಣಿ ಮಾಡಿಸಿದರೆ ಅದು ಇಸಿಯಲ್ಲಿ, ಅಂದರೆ ಜಮೀನಿನ ಋಣಭಾರ ಪ್ರಮಾಣಪತ್ರದಲ್ಲಿ ಕೂರುತ್ತದೆ. ಅವರು ಕಂತು ನಿಲ್ಲಿಸಿದರೆ, ರದ್ದುಪತ್ರಕ್ಕೆ ಅವರ ಸಹಿಯೂ ಬೇಕು. ಬರದಿದ್ದರೆ ಕೋರ್ಟು. ಅಲ್ಲಿಯವರೆಗೆ ಬೇರೆ ಗಿರಾಕಿ ಇಸಿ ನೋಡಿ ವಾಪಸ್ ಹೋಗುತ್ತಾನೆ. ನೋಂದಣಿ ಬೇಡ ಅನ್ನಲೂ ಆಗದು, ಇದೊಂದು ತಲೆನೋವೇ. ಅದಕ್ಕೇ ಗಡುವು ಮೊದಲೇ ಬಿಗಿಯಾಗಿರಲಿ: ಸಮಯವೇ ಕರಾರಿನ ಮುಖ್ಯ ಷರತ್ತು ಎಂದು ಬರೆಸಿ, ತಡವಾದರೆ ಎಷ್ಟು ಬಡ್ಡಿ ಎಂದೂ ಬರೆಸಿ. ತಪ್ಪಿದರೆ ಮುಟ್ಟುಗೋಲಾಗುವ ಮುಂಗಡ ಎಷ್ಟು ಎಂಬುದನ್ನು ಕಂತಿನ ಹಣದಿಂದ ಬೇರೆಯಾಗಿ ತೋರಿಸಿ. ಬಂದ ಹಣವೆಲ್ಲ ನಮ್ಮದೇ ಅಂದರೆ ಕೋರ್ಟು ಒಪ್ಪುವುದಿಲ್ಲ.

ಹಣ ಬ್ಯಾಂಕ್ ಮೂಲಕವೇ ಬರಲಿ. 20,000 ಅಥವಾ ಅದಕ್ಕಿಂತ ಜಾಸ್ತಿ ನಗದು ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಚೆಕ್ ಬೌನ್ಸ್ ಆದರೆ, ಬ್ಯಾಂಕಿನಿಂದ ಸುದ್ದಿ ಬಂದ 30 ದಿನದೊಳಗೆ ನೋಟಿಸ್ ಕೊಡಿ.

ತೆರಿಗೆ ಲೆಕ್ಕವನ್ನೂ ಈಗಲೇ ಹಾಕಿ. ಹಳ್ಳಿಯ ಕೃಷಿ ಭೂಮಿಗೆ ವಿನಾಯಿತಿ ಇದೆ. ಪೇಟೆಯ ಪಕ್ಕದ ಜಮೀನಾದರೆ, ಕ್ರಯವಾದ ವರ್ಷವೇ ಪೂರ್ತಿ ಲಾಭದ ಮೇಲೆ ತೆರಿಗೆ ಕಟ್ಟಬೇಕು, ಕೈಗೆ ಒಂದೇ ಕಂತು ಬಂದಿದ್ದರೂ.