ತೊಗರಿ ಕಾಳಿನಷ್ಟು ಪೇಸ್ಟ್ ಸಾಕು

ಏಪ್ರಿಲ್ ಬಂತೆಂದರೆ ದಾವಣಗೆರೆಯಲ್ಲಿ ಎರಡು ಹಂಗಾಮು ಒಟ್ಟಿಗೇ ಶುರುವಾಗುತ್ತವೆ: ಬಿಸಿಲಿನದು ಮತ್ತು ಮದುವೆಯದು. ಲಗ್ನಪತ್ರಿಕೆಗಳನ್ನು ಅಚ್ಚಿಗೆ ಸಿದ್ಧಪಡಿಸುವ ನನ್ನ ಪುಟ್ಟ ಡಿಟಿಪಿ ಅಂಗಡಿಗೆ ಎರಡನೆಯದರಿಂದ ಅನ್ನ, ಮೊದಲನೆಯದರಿಂದ ಸಂಕಟ. ಹೋದ ವರ್ಷ ಒಂದು ಮಧ್ಯಾಹ್ನ ‘ಸುಖಾಗಮನ ಬಯಸುವವರು’ ಪಟ್ಟಿಯಲ್ಲಿ ಹದಿನೇಳನೆಯ ಹೆಸರನ್ನು ಕೂರಿಸಿ, ಜೋಡಿಯ ಫೋಟೊ ಸೇರಿಸಿ ಕಡತ ಉಳಿಸಲು ಹೊರಟೆ. ಎದುರಿಗೆ ಹುಡುಗನ ತಂದೆ ಕನ್ನಡಕ ಏರಿಸಿಕೊಂಡು ಕುಳಿತಿದ್ದರು. ಮೇಜಿನ ಕೆಳಗಿನ ಕಂಪ್ಯೂಟರ್ ಡಬ್ಬಿ ಹಿಟ್ಟಿನ ಗಿರಣಿಯಂತೆ ಮೊರೆಯಿತು, ಪರದೆ ಕಪ್ಪಾಯಿತು. ‘ಕರೆಂಟ್ ಹೋಯಿತೇ?’ ಎಂದರು. ತಲೆಯ ಮೇಲಿನ ಫ್ಯಾನ್ ಆರಾಮವಾಗಿ ತಿರುಗುತ್ತಿತ್ತು.

ಕಂಪ್ಯೂಟರಿನ ಮುಖ್ಯ ಚಿಪ್ ಆದ ಪ್ರೊಸೆಸರ್ ಕಾದು ತನ್ನನ್ನು ತಾನೇ ಆರಿಸಿಕೊಂಡಿತ್ತು. ಯಾರನ್ನು ಕೇಳಿದರೂ ಒಂದೇ ಉತ್ತರ: ‘ಥರ್ಮಲ್ ಪೇಸ್ಟ್ ಒಣಗಿದೆ, ಒಳ್ಳೆಯ ಬ್ರ್ಯಾಂಡಿನದು ಹಾಕಿಸಿ.’ ಆ ಸಲಹೆಯಲ್ಲಿ ಅರ್ಧ ನಿಜವಿತ್ತು. ಉಳಿದರ್ಧಕ್ಕಾಗಿ ಈ ಲೇಖನ.

ಪೇಸ್ಟ್ ಮಾಡುವ ಕೆಲಸವೇನು?

ಪ್ರೊಸೆಸರ್‌ನ ಮೇಲಿರುವ ಲೋಹದ ಮುಚ್ಚಳವೂ ಅದರ ಮೇಲೆ ಕೂತು ಶಾಖ ಹೀರುವ, ಲೋಹದ ರೆಕ್ಕೆಗಳ ಹೀಟ್ ಸಿಂಕ್‌ನ ತಳವೂ ಕಣ್ಣಿಗೆ ಕನ್ನಡಿಯಷ್ಟು ನುಣುಪು. ಹತ್ತಿರದಿಂದ ನೋಡಿದರೆ ಎರಡರಲ್ಲೂ ಗೀರು, ಗುಳಿ, ಸಣ್ಣ ಉಬ್ಬು ತಗ್ಗು. ಒಂದರ ಮೇಲೊಂದು ಇಟ್ಟಾಗ ಅಲ್ಲಲ್ಲಿ ಮಾತ್ರ ಲೋಹಕ್ಕೆ ಲೋಹ ತಾಗುತ್ತದೆ, ಉಳಿದ ಸಂದುಗಳಲ್ಲಿ ಗಾಳಿ ಕೂರುತ್ತದೆ. ಶಾಖ ಸಾಗಿಸುವ ವಿಷಯದಲ್ಲಿ ಗಾಳಿಯಷ್ಟು ಸೋಮಾರಿ ಇನ್ನೊಂದಿಲ್ಲ. ಆ ಗಾಳಿಯನ್ನು ಹೊರಗೆ ತಳ್ಳಿ ಅದರ ಜಾಗದಲ್ಲಿ ಕೂರುವುದಷ್ಟೇ ಪೇಸ್ಟಿನ ಕೆಲಸ. ಅದು ತಾನಾಗಿ ಏನನ್ನೂ ತಂಪು ಮಾಡುವುದಿಲ್ಲ.

ಪೇಸ್ಟಿನ ಪೊಟ್ಟಣದ ಮೇಲೆ ವ್ಯಾಟ್ ಪ್ರತಿ ಮೀಟರ್ ಕೆಲ್ವಿನ್ ಎಂಬ ಒಂದು ಅಂಕ ಇರುತ್ತದೆ. ಶಾಖವನ್ನು ಎಷ್ಟು ಸಲೀಸಾಗಿ ದಾಟಿಸುತ್ತದೆ ಎಂಬುದರ ಅಳತೆ ಅದು. ತಾಮ್ರಕ್ಕೆ ಸುಮಾರು 400, ಅಲ್ಯೂಮಿನಿಯಂಗೆ 200ರ ಮೇಲೆ, ಸಾಮಾನ್ಯ ಪೇಸ್ಟ್‌ಗಳಿಗೆ 4ರಿಂದ 12ರವರೆಗೆ, ಗಾಳಿಗೆ 0.025ರಷ್ಟು. ಈಗ ಕಾಗದ ಪೆನ್ನು ತೆಗೆದುಕೊಳ್ಳಿ. ಜಾಗ 10 ಚದರ ಸೆಂಟಿಮೀಟರ್, ಶಾಖ 65 ವ್ಯಾಟ್, ನಡುವಿನ ಪದರ 50 ಮೈಕ್ರಾನ್ (ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲು) ಎಂದಿಟ್ಟುಕೊಳ್ಳೋಣ. ಪದರವೆಲ್ಲ ಗಾಳಿಯಾಗಿದ್ದರೆ ಅದರ ಒಂದು ಬದಿಗೂ ಇನ್ನೊಂದು ಬದಿಗೂ 130 ಡಿಗ್ರಿ ಅಂತರ! 5 ಅಂಕದ ಪೇಸ್ಟ್ ಆದರೆ ಮುಕ್ಕಾಲು ಡಿಗ್ರಿಯೂ ಇಲ್ಲ. ದುಬಾರಿಯದು, 10 ಅಂಕದ್ದು ಎಂದರೆ ಅದರ ಅರ್ಧ. ನಿಜವಾದ ಪ್ರೊಸೆಸರ್‌ನಲ್ಲಿ ಶಾಖ ಸಣ್ಣದೊಂದು ಜಾಗದಿಂದ ಏಳುವುದರಿಂದ ಅಂತರ ಒಂದೆರಡು ಡಿಗ್ರಿ ಹಿಗ್ಗಬಹುದು. ಆದರೂ ಲೆಕ್ಕದ ಧಾಟಿ ಅದೇ: ಪೇಸ್ಟ್ ಇಲ್ಲದಿರುವುದಕ್ಕೂ ಇರುವುದಕ್ಕೂ ಭೂಮಿ ಆಕಾಶದ ವ್ಯತ್ಯಾಸ, ಸಾಧಾರಣ ಪೇಸ್ಟಿಗೂ ದುಬಾರಿ ಪೇಸ್ಟಿಗೂ ಕೂದಲೆಳೆಯದು. ಅದೇ ಲೆಕ್ಕ ಇನ್ನೊಂದನ್ನೂ ಹೇಳುತ್ತದೆ. ಪದರ ದಪ್ಪವಾದಷ್ಟೂ ಅಡ್ಡಿ ಹೆಚ್ಚು.

ಮೊದಲು ಕಳ್ಳನನ್ನು ಹಿಡಿಯಿರಿ

ಕೋರ್ ಟೆಂಪ್ ಅಥವಾ ಎಚ್‌ಡಬ್ಲ್ಯುಮಾನಿಟರ್ ತರಹದ ಉಚಿತ ತಂತ್ರಾಂಶ ಹಾಕಿಕೊಂಡು ಭಾರದ ಕೆಲಸವೊಂದನ್ನು ಕೊಟ್ಟು ನೋಡಿ. ಉಷ್ಣತೆ ಒಂದೆರಡು ಸೆಕೆಂಡಿನಲ್ಲೇ 90ರ ಆಚೆಗೆ ಜಿಗಿದು, ಕೆಲಸ ನಿಲ್ಲಿಸಿದ ಕೂಡಲೇ ಧಡಕ್ಕನೆ ಇಳಿದರೆ ಹೀಟ್ ಸಿಂಕ್ ಸರಿಯಾಗಿ ತಾಗುತ್ತಿಲ್ಲ ಎಂದು ತಿಳಿಯಿರಿ. ಪೇಸ್ಟ್ ಒಣಗಿರಬಹುದು, ಕೂಲರ್‌ನ, ಅಂದರೆ ಫ್ಯಾನ್ ಕೂಡಿದ ಹೀಟ್ ಸಿಂಕ್‌ನ, ಒಂದು ಕಾಲು ಸಡಿಲವಾಗಿರಬಹುದು. ಹತ್ತು ನಿಮಿಷದಲ್ಲಿ ನಿಧಾನವಾಗಿ ಏರುತ್ತಾ ಹೋದರೆ ಶಾಖ ಹೀಟ್ ಸಿಂಕ್‌ವರೆಗೆ ಬಂದಿದೆ, ಅಲ್ಲಿಂದ ಹೊರಗೆ ಹೋಗಲು ದಾರಿ ಇಲ್ಲ. ಆಗ ತಪ್ಪು ದೂಳಿನದು, ಇಲ್ಲವೇ ಫ್ಯಾನಿನದು.

ನಮ್ಮ ಊರಿನಲ್ಲಿ ಎರಡನೆಯದೇ ಹೆಚ್ಚು. ಬಾಗಿಲು ತೆರೆದೇ ಇರುವ ರಸ್ತೆ ಬದಿಯ ಅಂಗಡಿಗಳು, ಮಂಡಕ್ಕಿ ಭಟ್ಟಿಗಳ ಕಡೆಯ ಮಸಿ, ಬೇಸಿಗೆಯ ಗಾಳಿಗೆ ಏಳುವ ಮಣ್ಣು. ನನ್ನ ಡಬ್ಬಿ ಬಿಚ್ಚಿದಾಗ ಹೀಟ್ ಸಿಂಕ್‌ನ ರೆಕ್ಕೆಗಳ ನಡುವೆ ದೂಳು ಕಂಬಳಿಯ ತುಂಡಿನಂತೆ ಇಡಿಯಾಗಿ ಎದ್ದು ಬಂತು. ಅದನ್ನು ತೆಗೆದದ್ದಕ್ಕೇ 94 ಇದ್ದದ್ದು 84ಕ್ಕೆ ಇಳಿಯಿತು. ಪೇಸ್ಟ್ ಬದಲಿಸಿದ ಮೇಲೆ 78. ಅಂದರೆ ಹತ್ತು ಡಿಗ್ರಿ ಬ್ರಷ್ ಕೊಟ್ಟಿತು, ಆರು ಡಿಗ್ರಿ ಪೇಸ್ಟ್ ಕೊಟ್ಟಿತು. ಬ್ರಷ್ ಹಾಕುವಾಗ, ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿದುಕೊಳ್ಳಿ, ಆ ರಭಸಕ್ಕೆ ಅದು ಗಿರಗಿರನೆ ತಿರುಗಬಾರದು.

ಹಾಗೆಯೇ ಕೋಣೆಯ ಉಷ್ಣತೆಯನ್ನೂ ಗಮನಿಸಿ. ಗಾಳಿಯಿಂದ ತಂಪಾಗುವ ಯಾವ ಕೂಲರ್ ಕೂಡ ಪ್ರೊಸೆಸರ್ ಅನ್ನು ಕೋಣೆಗಿಂತ ತಂಪಾಗಿಸಲಾರದು. ಬೆಂಗಳೂರಿನ 26 ಡಿಗ್ರಿಯ ಕೋಣೆಯಲ್ಲಿ ಯಾರೋ 66 ತೋರಿಸಿದರೆ ಇಲ್ಲಿನ 38 ಡಿಗ್ರಿಯಲ್ಲಿ ಅದೇ ಯಂತ್ರ 78ರ ಸುಮಾರಿಗೆ ನಿಲ್ಲುತ್ತದೆ. ಅದು ದೋಷವಲ್ಲ, ಏಪ್ರಿಲ್.

ಯಾವ ಪೇಸ್ಟ್?

ರೇಡಿಯೊ, ಟಿವಿ ರಿಪೇರಿಯವರ ಬಳಿ ಸಿಗುವ ಬಿಳಿ ಹೀಟ್ ಸಿಂಕ್ ಕಾಂಪೌಂಡ್ ಸಾಮಾನ್ಯವಾಗಿ ಸಿಲಿಕೋನ್ ಎಣ್ಣೆಯಲ್ಲಿ ಸತುವಿನ ಆಕ್ಸೈಡ್ ಬೆರೆಸಿದ್ದು. ಹಳೆಯ, ಕಡಿಮೆ ವ್ಯಾಟ್‌ನ ಯಂತ್ರಕ್ಕೆ ನಡೆಯುತ್ತದೆ, ಆದರೆ ಬೇಗ ಒಣಗುತ್ತದೆ. ಆರ್ಕ್ಟಿಕ್‌ನ ಎಂಎಕ್ಸ್ ಸರಣಿ, ನೊಕ್ಟುವಾದ ಎನ್‌ಟಿ-ಎಚ್1, ಕೂಲರ್ ಮಾಸ್ಟರ್‌ನ ಮಾಸ್ಟರ್‌ಜೆಲ್ ಇವು ನಂಬಿಕೆಯ ಹೆಸರುಗಳು. ಯಾವುದಾದರೂ ಒಂದು ಸಾಕು. ಆಯ್ಕೆ ಮಾಡುವಾಗ ನಾನು ನೋಡುವುದು ಅಂಕವನ್ನಲ್ಲ, ಎರಡು ಮಾತನ್ನು: ವಿದ್ಯುತ್ ಹರಿಸದ್ದಾಗಿರಬೇಕು, ಪೊಟ್ಟಣ ಹಳತಾಗಿರಬಾರದು. ವರ್ಷಗಟ್ಟಲೆ ಅಂಗಡಿಯ ಬಿಸಿಯಲ್ಲಿ ಬಿದ್ದ ಸಿರಿಂಜ್ ಒತ್ತಿದರೆ ಮೊದಲು ಎಣ್ಣೆ, ಆಮೇಲೆ ಗಟ್ಟಿ ಮಣ್ಣು ಬರುತ್ತದೆ.

ದ್ರವ ಲೋಹ ಎಂಬ ಇನ್ನೊಂದು ಬಗೆ ಇದೆ, ಗ್ಯಾಲಿಯಂನ ಮಿಶ್ರಲೋಹ. ಶಾಖ ದಾಟಿಸುವುದರಲ್ಲಿ ಉಳಿದೆಲ್ಲವನ್ನೂ ಹಿಂದಿಕ್ಕುತ್ತದೆ. ಆದರೆ ಅದು ವಿದ್ಯುತ್ತನ್ನು ಹರಿಸುತ್ತದೆ, ಒಂದು ಹನಿ ಬೋರ್ಡಿನ ಮೇಲೆ ಬಿದ್ದರೆ ಬೋರ್ಡ್ ಹೋಯಿತು. ಅಲ್ಯೂಮಿನಿಯಂ ಹೀಟ್ ಸಿಂಕ್‌ಗೆ ತಾಗಿದರೆ ಅದನ್ನು ತಿಂದು ಪುಡಿಮಾಡುತ್ತದೆ. ಮೊದಲ ಸಲ ಕೈಹಾಕುವವರಿಗೆ ಬೇಡ, ಎರಡನೆಯ ಸಲದವರಿಗೂ ಬೇಡ.

ಹೊಸ ಕೂಲರ್ ತಂದಿದ್ದರೆ ಅದರ ತಳವನ್ನು ನೋಡಿ. ಬೂದು ಬಣ್ಣದ ಪೇಸ್ಟ್ ಕಾರ್ಖಾನೆಯಲ್ಲೇ ಹಚ್ಚಿದ್ದರೆ ಬೇರೆ ಬೇಕಿಲ್ಲ, ಅದರ ಮೇಲೆ ಮತ್ತೊಂದನ್ನು ಹಚ್ಚಲೂಬಾರದು. ಪೇಸ್ಟ್ ಇಲ್ಲದೆ ಬಂದ ಕೂಲರ್‌ಗಳ ತಳದಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅಂಟಿಸಿರುವುದುಂಟು. ಅದನ್ನು ಕೀಳದೆ ಕೂರಿಸಿ, ಪೇಸ್ಟನ್ನು ಬೈದವರು ಬಹಳ ಮಂದಿ.

ಬಿಚ್ಚುವುದು: ನಾನು ಕೈಸುಟ್ಟುಕೊಂಡ ಜಾಗ

ಬಿಚ್ಚುವ ಮೊದಲು ಕಂಪ್ಯೂಟರ್ ಅನ್ನು ಹತ್ತು ನಿಮಿಷ ಓಡಿಸಿ. ಪೇಸ್ಟ್ ಬೆಚ್ಚಗಾದರೆ ಸಡಿಲವಾಗುತ್ತದೆ. ಆಮೇಲೆ ಆರಿಸಿ, ತಂತಿಯನ್ನು ಪ್ಲಗ್‌ನಿಂದ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಖಾಲಿ ಮಾಡಿ. ಡಬ್ಬಿಯನ್ನು ಅಡ್ಡ ಮಲಗಿಸಿ, ಅದರ ಲೋಹದ ಚೌಕಟ್ಟನ್ನು ಒಮ್ಮೆ ಮುಟ್ಟಿ ಮೈಯಲ್ಲಿನ ಸ್ಥಾಯಿ ವಿದ್ಯುತ್ತನ್ನು ಇಳಿಸಿಕೊಳ್ಳಿ. ಫ್ಯಾನಿನ ತಂತಿ ಎಲ್ಲಿ ಸಿಕ್ಕಿಸಿತ್ತು ಎಂದು ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಂಡು ಅದನ್ನು ಬಿಡಿಸಿ.

ಇಂಟೆಲ್‌ನ ಸಾಮಾನ್ಯ ಕೂಲರ್‌ಗೆ ನಾಲ್ಕು ಪ್ಲಾಸ್ಟಿಕ್ ಕಾಲುಗಳು. ಪ್ರತಿಯೊಂದರ ತಲೆಯ ಮೇಲೂ ಬಾಣದ ಗುರುತಿದೆ, ಆ ಕಡೆಗೆ ತಿರುಗಿಸಿ ಮೇಲಕ್ಕೆಳೆದರೆ ಬರುತ್ತದೆ.

ನನ್ನದು ಎಎಂಡಿ ರೈಜನ್ ಪ್ರೊಸೆಸರ್, ಎಎಂ4 ಸಾಕೆಟ್‌ನದು (ಸಾಕೆಟ್ ಎಂದರೆ ಬೋರ್ಡಿನ ಮೇಲೆ ಪ್ರೊಸೆಸರ್ ಕೂರುವ ಜಾಗ). ಅದರಲ್ಲಿ ಪಿನ್‌ಗಳಿರುವುದು ಪ್ರೊಸೆಸರ್‌ನ ಹೊಟ್ಟೆಗೇ, ಒಟ್ಟು 1331. ಸ್ಕ್ರೂ ಬಿಚ್ಚಿ, ಗಿರಾಕಿ ಕಾಯುತ್ತಿದ್ದಾರೆಂಬ ಆತುರದಲ್ಲಿ ಕೂಲರ್ ಅನ್ನು ನೇರ ಮೇಲಕ್ಕೆ ಕಿತ್ತೆ. ಪೇಸ್ಟ್ ಗೋಂದಿನಂತೆ ಹಿಡಿದುಕೊಂಡಿತ್ತು. ಬೀಗ ಹಾಕಿದ್ದ ಸಾಕೆಟ್‌ನಿಂದ ಪ್ರೊಸೆಸರ್ ಕೂಡ ಕೂಲರ್‌ಗೆ ಅಂಟಿಕೊಂಡೇ ಕಿತ್ತು ಬಂತು. ತಿರುಗಿಸಿ ನೋಡಿದರೆ ಒಂದು ಮೂಲೆಯಲ್ಲಿ ಮೂರು ಪಿನ್‌ಗಳು ಗಾಳಿಗೆ ಬಾಗಿದ ಪೈರಿನಂತೆ ಒರಗಿದ್ದವು. ಸೀಸ ತೆಗೆದ ಮೆಕ್ಯಾನಿಕಲ್ ಪೆನ್ಸಿಲಿನ ತುದಿಯನ್ನು ಒಂದೊಂದು ಪಿನ್ನಿಗೂ ತೊಡಿಸಿ, ಉಸಿರು ಬಿಗಿಹಿಡಿದು ನೆಟ್ಟಗೆ ಮಾಡಲು ಮುಕ್ಕಾಲು ಗಂಟೆ ಹಿಡಿಯಿತು. ಒಂದು ಪಿನ್ ಮುರಿದಿದ್ದರೂ ಆ ಮದುವೆಯ ಖರ್ಚಿನಲ್ಲಿ ನನ್ನ ಪಾಲೂ ಸೇರುತ್ತಿತ್ತು. ಎಎಂ4 ಇರುವವರು ಕೂಲರ್ ಅನ್ನು ಎತ್ತಬಾರದು. ಡಬ್ಬಿಯ ಮುಚ್ಚಳ ತಿರುಗಿಸುವಂತೆ ಮೆಲ್ಲಗೆ ಎಡಕ್ಕೂ ಬಲಕ್ಕೂ ಅಲುಗಿಸಿ, ಅದು ಜಾರುತ್ತಿದೆ ಎಂದು ಕೈಗೆ ತಿಳಿದ ಮೇಲೆ ಮಾತ್ರ ಎತ್ತಬೇಕು. 2022ರಲ್ಲಿ ಬಂದ ಎಎಂ5ರಲ್ಲಿ ಪಿನ್‌ಗಳು ಸಾಕೆಟ್‌ಗೆ ಹೋಗಿವೆ, ಪ್ರೊಸೆಸರ್ ಅನ್ನು ಲೋಹದ ಚೌಕಟ್ಟು ಹಿಡಿದಿರುತ್ತದೆ, ಆದ್ದರಿಂದ ಈ ಕಂಟಕವಿಲ್ಲ.

ಒರೆಸುವುದು

ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್, 90 ಶೇಕಡಾಕ್ಕಿಂತ ಹೆಚ್ಚು ಶುದ್ಧತೆಯದು, ಇದಕ್ಕೆ ಸರಿ. ಕೈ ತೊಳೆಯುವ ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ. ಪೆಟ್ರೋಲ್, ಥಿನ್ನರ್ ಮುಂತಾದವನ್ನು ಹತ್ತಿರವೂ ತರಬೇಡಿ. ಬಟ್ಟೆ ನೂಲು ಬಿಡುವಂಥದ್ದಾಗಿರಬಾರದು. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಲೇ ಹೆಸರಾದ ಊರಿನವರಿಗೆ ಇದನ್ನು ವಿವರಿಸಬೇಕಿಲ್ಲ. ಕನ್ನಡಕ ಒರೆಸುವ ಬಟ್ಟೆ ಚೆನ್ನಾಗಿ ಒದಗುತ್ತದೆ. ಬಟ್ಟೆಗೆ ಹನಿಸಿ ಒರೆಸಿ, ಪ್ರೊಸೆಸರ್‌ನ ಮೇಲೆ ಸುರಿಯಬೇಡಿ. ಅಂಚಿನಿಂದ ನಡುವಿಗೆ ಒರೆಸಿದರೆ ಹಳೆಯ ಪೇಸ್ಟ್ ಸಾಕೆಟ್‌ನೊಳಗೆ ಇಳಿಯುವುದಿಲ್ಲ. ಚಾಕು, ಬ್ಲೇಡಿನಿಂದ ಕೆರೆಯಬಾರದು. ಮುಚ್ಚಳದ ಮೇಲೆ ಕೆತ್ತಿದ ಅಕ್ಷರಗಳು ಸ್ಪಷ್ಟವಾಗಿ ಓದಲು ಬಂದರೆ ಒರೆಸಿದ್ದು ಸಾಕು. ಹೀಟ್ ಸಿಂಕ್‌ನ ತಳಕ್ಕೂ ಇದೇ ಉಪಚಾರ. ಒರೆಸಿದ ಮೇಲೆ ಬೆರಳು ತಾಗಿಸಬೇಡಿ, ಬೆರಳಿನ ಜಿಡ್ಡು ಮತ್ತೆ ಕೂರುತ್ತದೆ.

ಹಚ್ಚುವುದು

ಬೆಣ್ಣೆ ದೋಸೆಯ ಊರಿನಲ್ಲಿ ‘ಸ್ವಲ್ಪವೇ ಹಾಕಿ’ ಎಂದು ಹೇಳುವುದು ಕಷ್ಟ. ನಮ್ಮ ಕೈ ಧಾರಾಳಕ್ಕೆ ಪಳಗಿದೆ. ಆದರೆ ಇಲ್ಲಿ ಅಳತೆ ಬೇರೆ: ಜೋಳದ ಕಾಳಿಗಿಂತ ತುಸು ದೊಡ್ಡದು, ಮೆಕ್ಕೆಜೋಳದ ಕಾಳಿಗಿಂತ ಚಿಕ್ಕದು. ಒಂದು ತೊಗರಿ ಕಾಳು ಎಂದಿಟ್ಟುಕೊಳ್ಳಿ, 5 ಮಿಲಿಮೀಟರ್ ಆಸುಪಾಸು. ಅದನ್ನು ಮುಚ್ಚಳದ ನಟ್ಟನಡುವೆ ಇಡಿ. ಬೆರಳಿನಿಂದ ಹರಡುವುದು, ಕಾರ್ಡಿನಿಂದ ಸವರುವುದು ಬೇಕಿಲ್ಲ. ಕೂಲರ್‌ನ ಒತ್ತಡವೇ ಅದನ್ನು ನಡುವಿನಿಂದ ಅಂಚಿಗೆ ತಳ್ಳುತ್ತದೆ, ಹಾಗೆ ತಳ್ಳುವಾಗ ಗಾಳಿಯೂ ಮುಂದಾಗಿ ಹೊರಬೀಳುತ್ತದೆ. 2021ರಿಂದ ಬಂದ ಇಂಟೆಲ್‌ನ ಎಲ್‌ಜಿಎ1700 ಸಾಕೆಟ್‌ನ ಪ್ರೊಸೆಸರ್‌ಗಳು ಚೌಕವಲ್ಲ, ಉದ್ದುದ್ದ. ಅವಕ್ಕೆ ನಡುವಿನ ಬೊಟ್ಟಿನ ಜೊತೆ ನಾಲ್ಕು ಮೂಲೆಗಳ ಕಡೆಗೆ ಸಾಸಿವೆಗಿಂತ ತುಸು ದೊಡ್ಡ ನಾಲ್ಕು ಚುಕ್ಕೆ ಇಟ್ಟರೆ ಅಂಚು ಒಣಗಿ ಉಳಿಯುವುದಿಲ್ಲ.

ಗುಣಿಸು ಚಿಹ್ನೆ, ಗೆರೆ, ಐದು ಚುಕ್ಕೆ ಎಂದು ಜನ ಜಗಳವಾಡುತ್ತಾರೆ. ಪೇಸ್ಟ್ ಮುಚ್ಚಳವನ್ನೆಲ್ಲ ಆವರಿಸುವುದಾದರೆ ಆಕಾರ ಯಾವುದಾದರೇನು? ಸ್ವಲ್ಪ ಹೆಚ್ಚಾದರೆ ಅಂಚಿನಿಂದ ಹೊರಗೆ ಇಣುಕುತ್ತದೆ, ಅಷ್ಟೇ. ವಿದ್ಯುತ್ ಹರಿಸದ ಪೇಸ್ಟ್ ಆಗಿದ್ದರೆ ಭಯವಿಲ್ಲ. ಕಡಿಮೆಯಾದರೆ ಮಾತ್ರ ಮೂಲೆಗಳು ಬಿಸಿಯಾಗುತ್ತವೆ.

ಕೂಲರ್ ಅನ್ನು ನೇರವಾಗಿ ಇಳಿಸಿ, ಒಮ್ಮೆ ತಾಗಿಸಿದ ಮೇಲೆ ‘ಸರಿಯಾಗಿ ಹರಡಿದೆಯೇ’ ಎಂದು ಎತ್ತಿ ನೋಡಬೇಡಿ. ಎತ್ತಿ ಮತ್ತೆ ಇಟ್ಟರೆ ಗಾಳಿಯ ಗುಳ್ಳೆಗಳು ಸೇರುತ್ತವೆ. ಎತ್ತಿದಿರಾದರೆ ಒರೆಸಿ ಮೊದಲಿನಿಂದ ಶುರುಮಾಡಿ.

ಬಿಗಿಯುವುದು

ಕಾರಿನ ಚಕ್ರ ಬದಲಿಸಿದವರಿಗೆ ಈ ಕ್ರಮ ಗೊತ್ತು. ಒಂದು ಸ್ಕ್ರೂವನ್ನು ಎರಡು ಸುತ್ತು, ಆಮೇಲೆ ಅದರ ಕರ್ಣದ ಎದುರಿನದನ್ನು ಎರಡು ಸುತ್ತು, ಹೀಗೆ ನಾಲ್ಕನ್ನೂ ಸರದಿಯಲ್ಲಿ ತಿರುಗಿಸುತ್ತಾ ಹೋಗಿ, ಸ್ಕ್ರೂ ತಾನಾಗಿ ನಿಲ್ಲುವಲ್ಲಿಗೆ ನಿಲ್ಲಿಸಿ. ಒಂದೇ ಮೂಲೆಯನ್ನು ಪೂರಾ ಬಿಗಿದರೆ ಕೂಲರ್ ವಾಲುತ್ತದೆ, ಪೇಸ್ಟ್ ಒಂದು ಕಡೆಗೆ ಓಡುತ್ತದೆ. ಇಂಟೆಲ್‌ನ ಪ್ಲಾಸ್ಟಿಕ್ ಕಾಲುಗಳನ್ನೂ ಕರ್ಣದ ಕ್ರಮದಲ್ಲೇ ಒತ್ತಿ, ಪ್ರತಿಯೊಂದಕ್ಕೂ ‘ಟಕ್’ ಎಂಬ ಸದ್ದು ಕೇಳಬೇಕು. ನಾಲ್ಕರಲ್ಲಿ ಒಂದು ಸದ್ದು ಮಾಡದೆ ಕೂತಿದ್ದರೆ ಅದು ಕೂತಿಲ್ಲ. ಕೊನೆಗೆ ಫ್ಯಾನಿನ ತಂತಿ, ಸಿಪಿಯು ಫ್ಯಾನ್ ಎಂದು ಬರೆದಿರುವ ಜಾಗಕ್ಕೇ.

ಈಗ ಮೊದಲು ಮಾಡಿದ್ದ ಅದೇ ಭಾರದ ಕೆಲಸವನ್ನು, ಸಾಧ್ಯವಾದರೆ ದಿನದ ಅದೇ ಹೊತ್ತಿನಲ್ಲಿ, ಹತ್ತು ನಿಮಿಷ ಓಡಿಸಿ ಹಳೆಯ ಅಂಕದ ಜೊತೆ ಹೋಲಿಸಿ. ಮೊದಲಿಗಿಂತ ಹೆಚ್ಚು ಬಿಸಿಯಾದರೆ ಪೇಸ್ಟನ್ನು ಶಪಿಸಬೇಡಿ, ಕಾಲುಗಳನ್ನು ಮತ್ತೊಮ್ಮೆ ನೋಡಿ.

ಲ್ಯಾಪ್‌ಟಾಪ್‌ನವರಿಗೆ ಎರಡೇ ಮಾತು. ಅದರ ಪ್ರೊಸೆಸರ್‌ಗೆ ಲೋಹದ ಮುಚ್ಚಳವಿಲ್ಲ, ಬರಿ ಸಿಲಿಕಾನ್ ಚಿಪ್ ಕಾಣುತ್ತದೆ, ಆದ್ದರಿಂದ ಅಲ್ಲಿ ಪೇಸ್ಟ್ ತೆಳ್ಳಗೆ ಚಿಪ್ಪನ್ನು ಪೂರಾ ಮುಚ್ಚುವಂತೆ ಹರಡಲೇಬೇಕು. ಪಕ್ಕದ ಭಾಗಗಳ ಮೇಲಿರುವ ಮೆತ್ತನೆಯ ಥರ್ಮಲ್ ಪ್ಯಾಡ್‌ಗಳನ್ನು ಕಿತ್ತು ಅಲ್ಲಿ ಪೇಸ್ಟ್ ತುಂಬಬಾರದು, ಆ ಸಂದು ಪೇಸ್ಟಿಗೆ ತುಂಬಲಾಗದಷ್ಟು ದೊಡ್ಡದು. ವಾರಂಟಿ ಇನ್ನೂ ಇದ್ದರೆ ಬಿಚ್ಚುವ ಮುನ್ನ ಅದರ ಷರತ್ತು ಓದಿ.

ಒಳ್ಳೆಯ ಪೇಸ್ಟ್ ಮೂರರಿಂದ ಐದು ವರ್ಷ ನಿಲ್ಲುತ್ತದೆ. ಪ್ರತಿ ಬೇಸಿಗೆಗೂ ಬದಲಿಸುವ ಹುರುಪು ಬೇಡ, ಪ್ರತಿ ಬೇಸಿಗೆಗೂ ಬೇಕಾದದ್ದು ಬ್ರಷ್. 4 ಗ್ರಾಂ ಸಿರಿಂಜ್‌ನಲ್ಲಿ ಹತ್ತಾರು ಸಲಕ್ಕಾಗುವಷ್ಟು ಇರುತ್ತದೆ. ಮೂತಿ ಒರೆಸಿ, ಮುಚ್ಚಳ ಬಿಗಿದು, ತಂಪಾದ ಕಪಾಟಿನಲ್ಲಿ ಇಡಿ. ನನ್ನದು ಲಗ್ನಪತ್ರಿಕೆಯ ಮಾದರಿಗಳ ಡ್ರಾಯರ್‌ನಲ್ಲಿದೆ. ಪಕ್ಕದ ಜೆರಾಕ್ಸ್ ಅಂಗಡಿಯವರು ಆಗಲೇ ಎರಡು ಕಾಳು ಒಯ್ದಿದ್ದಾರೆ.