ಅಂತರ ಚುಚ್ಚುಮದ್ದು ಮತ್ತು ನಿಲ್ಲದ ಮುಟ್ಟು: ನನ್ನ ಅನುಭವ

ಎರಡನೇ ಮಗು ಸ್ವಲ್ಪ ದೊಡ್ಡದಾದ ಮೇಲೆ ನಾನು ಗರ್ಭ ತಡೆಯುವ ಅಂತರ ಚುಚ್ಚುಮದ್ದು ಶುರು ಮಾಡಿದೆ. ಆಪರೇಷನ್ ಸದ್ಯಕ್ಕೆ ಬೇಡ ಅನ್ನಿಸಿತ್ತು. ದಿನಾ ಮಾತ್ರೆ ನುಂಗುವುದು ತೋಟದ ಕೆಲಸದ ನಡುವೆ ನೆನಪಿರುವುದಿಲ್ಲ. ಇದಾದರೆ ಮೂರು ತಿಂಗಳಿಗೊಮ್ಮೆ ಒಂದು ಇಂಜೆಕ್ಷನ್, ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಹಾಕುತ್ತಾರೆ. 'ಮುಟ್ಟು ಏರುಪೇರಾಗುತ್ತೆ, ಹೆದರ್ಬೇಡ' ಅಂತ ಊರಿನ ಆಶಾ ಕಾರ್ಯಕರ್ತೆ ಅಕ್ಕ ಮೊದಲೇ ಹೇಳಿದ್ದರು.

ಆದರೆ ಏರುಪೇರು ಅಂದರೆ ಎಷ್ಟು? ಮುಟ್ಟು ಬಂತು, ವಾರ ಕಳೆದರೂ ಹೋಗಲಿಲ್ಲ. ನಿಂತಿತು ಅಂದುಕೊಂಡು ತಲೆಗೆ ಸ್ನಾನ ಮಾಡಿದರೆ ಮಾರನೇ ದಿನ ಮತ್ತೆ ಕಲೆ. ಒಮ್ಮೊಮ್ಮೆ ಕಂದು ಬಣ್ಣದ ಜಿನುಗು, ಒಮ್ಮೊಮ್ಮೆ ಪೂರ್ತಿ ಕೆಂಪು. ಹೊಟ್ಟೆ ನೋವು ಅಷ್ಟೇನಿರಲಿಲ್ಲ. ಸುಸ್ತು ಮಾತ್ರ ವಿಪರೀತ. ಏರು ಹತ್ತುವಾಗ ನಡುವೆ ಎರಡು ಸಲ ನಿಲ್ಲಬೇಕಾಗುತ್ತಿತ್ತು.

ನಮ್ಮದು ಸೋಮವಾರಪೇಟೆ ಕಡೆ. ಜೂನ್ ಹಿಡಿದರೆ ಮಳೆ ಬಿಡುವುದಿಲ್ಲ. ಬಟ್ಟೆ ಒಣಗುವುದು ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲೇ. ಮಕ್ಕಳ ಯೂನಿಫಾರ್ಮ್, ಮಾವನ ಸ್ವೆಟರ್ ಎಲ್ಲ ಅಲ್ಲೇ ನೇತಾಡುವಾಗ ಮುಟ್ಟಿನ ಬಟ್ಟೆಯನ್ನು ಯಾರು ಹಾಕುತ್ತಾರೆ? ಮೂಲೆಯಲ್ಲಿ ಮುಚ್ಚಿ ಒಣಗಿಸಿದರೆ ಒಳಗೆ ಹಸಿ ಹಾಗೇ ಇರುತ್ತದೆ. ತೊಡೆ ಸಂದು ಕೆಂಪಾಗಿ ಉರಿಯುತ್ತಿತ್ತು. ನಾನು ಅತ್ತೆಗೆ ನೇರವಾಗಿ ಹೇಳಿಬಿಟ್ಟೆ, ಇದೂ ಒಲೆ ಮೇಲೇ ಒಣಗಲಿ ಅಂತ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಗ್ಗದ ಒಂದು ತುದಿ ಖಾಲಿ ಮಾಡಿಕೊಟ್ಟರು. ಆಮೇಲೆ ನರ್ಸ್ ಅಕ್ಕನ ಮಾತು ಕೇಳಿ ಜಾಸ್ತಿ ಹೋಗುವ ದಿನಗಳಿಗೆ ಮುಟ್ಟಿನ ಕಪ್ ತಂದುಕೊಂಡೆ. ಒಣಗಿಸುವ ತಲೆನೋವೇ ಇಲ್ಲ, ಮುಟ್ಟು ಮುಗಿದ ಮೇಲೆ ಬಿಸಿನೀರಲ್ಲಿ ಕುದಿಸಿಟ್ಟರೆ ಆಯಿತು. ತೋಟದಲ್ಲಿ ಪ್ಯಾಡ್ ಬದಲಿಸಲು ಜಾಗ ಎಲ್ಲಿದೆ ಹೇಳಿ? ಬರೀ ಜಿನುಗುವ ದಿನಗಳಿಗೆ ತೆಳ್ಳಗಿನ ಹತ್ತಿ ಬಟ್ಟೆಯೇ ಸಾಕು.

ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಅಡುಗೆಮನೆ ಕ್ಯಾಲೆಂಡರ್. ಪ್ಯಾಡ್ ಪೂರ್ತಿ ನೆನೆದ ದಿನ ತುಂಬಿದ ಚುಕ್ಕೆ, ಬರೀ ಕಲೆಯಾದ ದಿನ ಖಾಲಿ ಸುತ್ತು, ಏನೂ ಇಲ್ಲದ ದಿನ ಖಾಲಿ. ರಕ್ತದ ಗಡ್ಡೆ ಬಿದ್ದರೆ ಪಕ್ಕದಲ್ಲಿ ಒಂದು ಗೆರೆ. ಇಂಜೆಕ್ಷನ್ ದಿನಕ್ಕೆ ಒಂದು ನಕ್ಷತ್ರ. ಮನೆಯವರಿಗೆ ಅದು ಹಾಲಿನ ಲೆಕ್ಕದ ಹಾಗೆ ಕಾಣುತ್ತಿತ್ತು. ಆಸ್ಪತ್ರೆಗೆ ಹೋಗುವಾಗ ಆ ಹಾಳೆಗಳನ್ನೇ ಹರಿದುಕೊಂಡು ಹೋದೆ. 'ತುಂಬಾ ಹೋಗ್ತಿದೆ ಮೇಡಂ' ಅಂದರೆ ತುಂಬಾ ಅಂದರೆ ಎಷ್ಟು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಹಾಳೆ ನೋಡಿದ ಮೇಲೆ ಡಾಕ್ಟರ್ ಕುರ್ಚಿ ಮುಂದೆ ಎಳೆದುಕೊಂಡು ಮಾತಾಡಿದರು.

ಅವರು ವಿವರಿಸಿದ್ದು ಹೀಗೆ. ಅಂತರದಲ್ಲಿರುವುದು ಮೆಡ್ರಾಕ್ಸಿಪ್ರೊಜೆಸ್ಟರಾನ್ ಅನ್ನುವ ಒಂದೇ ಹಾರ್ಮೋನು. ಅದು ಅಂಡಾಣು ಹೊರಬರುವುದನ್ನು ತಡೆಯುತ್ತದೆ. ಜೊತೆಗೆ ಗರ್ಭಕೋಶದ ಒಳಪದರವನ್ನು ತೆಳ್ಳಗೆ ಮಾಡುತ್ತದೆ. ಆ ತೆಳು ಪದರದ ಸಣ್ಣ ರಕ್ತನಾಳಗಳು ಬೇಗ ಒಡೆಯುತ್ತವೆ. ಮಳೆಗಾಲದಲ್ಲಿ ಗುಡ್ಡದ ಬರೆಯಿಂದ ಅಲ್ಲಲ್ಲಿ ನೀರು ಒಸರುತ್ತದಲ್ಲ, ಹಾಗೆ. ಮೊದಲ ಒಂದೆರಡು ಡೋಸ್‌ಗಳಲ್ಲಿ ಇದು ಜಾಸ್ತಿ. ಬರಬರುತ್ತಾ ಕಡಿಮೆಯಾಗಿ, ಒಂದು ವರ್ಷ ತಗೊಂಡವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಮುಟ್ಟೇ ನಿಂತುಬಿಡುತ್ತದಂತೆ.

ಹಾಗಂತ ಎಲ್ಲದಕ್ಕೂ ಇಂಜೆಕ್ಷನ್ ಕಾರಣ ಅಂತ ಅವರು ಕೈಬಿಡಲಿಲ್ಲ. ಮೂತ್ರ ಪರೀಕ್ಷೆ ಮಾಡಿ ಗರ್ಭ ಇಲ್ಲ ಅಂತ ಖಚಿತ ಮಾಡಿಕೊಂಡರು. ಸೋಂಕು ಇದೆಯಾ ನೋಡಿದರು. ಸ್ಕ್ಯಾನ್, ಥೈರಾಯ್ಡ್, ಎಚ್‌ಬಿ ಅಂದರೆ ರಕ್ತದ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿದರು. ಎಚ್‌ಬಿ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ನನ್ನದು ಅದಕ್ಕಿಂತ ಬಹಳ ಕೆಳಗಿತ್ತು. ಏರು ಹತ್ತುವಾಗಿನ ಏದುಸಿರಿಗೆ ಕಾರಣ ಸಿಕ್ಕಿತು.

ಮೊದಲು ಐದು ದಿನಕ್ಕೆ ಮೆಫೆನಮಿಕ್ ಆಸಿಡ್ ಮಾತ್ರೆ ಬರೆದರು, ಊಟದ ಮೇಲೆ ತಗೊಳ್ಳಬೇಕು. ಹೊಟ್ಟೆ ಹುಣ್ಣಿದ್ದವರಿಗೆ ಇದು ಆಗದು. ನಿಂತಿತು, ಕೆಲ ದಿನ ಬಿಟ್ಟು ಮತ್ತೆ ಶುರುವಾಯಿತು. ಆಮೇಲೆ ಎರಡು ಹಾರ್ಮೋನಿನ ಗರ್ಭನಿರೋಧಕ ಮಾತ್ರೆಯನ್ನು 21 ದಿನಕ್ಕೆ ಕೊಟ್ಟರು. ಕೊಡುವ ಮುಂಚೆ ಬಿಪಿ ನೋಡಿದರು. ಕಣ್ಣು ಮಂಜಾಗಿ ಬರುವ ತಲೆನೋವು ಇದೆಯಾ, ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತಾ ಅಂತೆಲ್ಲ ಕೇಳಿದರು. ಇದಕ್ಕೇ ಹೇಳುವುದು, ನನ್ನ ಚೀಟಿ ನೋಡಿ ನೀವು ಮೆಡಿಕಲ್ ಶಾಪಿಗೆ ಹೋಗಬೇಡಿ. ಹುತ್ತರಿ ಹಬ್ಬಕ್ಕೋ ಮದುವೆಗೋ ಮುಟ್ಟು ಮುಂದೂಡಲು ಮಾತ್ರೆ ನುಂಗುತ್ತಾರಲ್ಲ, ಅದನ್ನೂ ಈ ಇಂಜೆಕ್ಷನ್ ಮೇಲೆ ಡಾಕ್ಟರನ್ನು ಕೇಳದೆ ಹಾಕಿಕೊಳ್ಳಬೇಡಿ.

ರಕ್ತಹೀನತೆಗೆ ಕೊಟ್ಟ ಕಬ್ಬಿಣದ ಮಾತ್ರೆಯ ವಿಷಯದಲ್ಲಿ ಕೊಡಗಿನವರಿಗೆ ಒಂದು ಕಷ್ಟ ಇದೆ. ಕಾಫಿ! ಮಾತ್ರೆಯ ಜೊತೆ ಕಾಫಿ, ಟೀ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ತೋಟದವರ ಮನೆಯಲ್ಲಿ ಎದ್ದ ಕೂಡಲೇ ಕಾಫಿ, ತಿಂಡಿ ಜೊತೆ ಕಾಫಿ, ಯಾರಾದರೂ ಬಂದರೆ ಮತ್ತೆ ಕಾಫಿ. ನಾನು ಮಾತ್ರೆಯನ್ನು ರಾತ್ರಿಗೆ ಹಾಕಿಕೊಂಡೆ, ನಿಂಬೆಹಣ್ಣಿನ ಪಾನಕದ ಜೊತೆ. ಮಲ ಕಪ್ಪಗಾಗುತ್ತದೆ, ಗಾಬರಿ ಬೇಡ. ಮಾಂಸ ತಿನ್ನುವ ಮನೆ ನಮ್ಮದು, ಲಿವರ್ ತಂದಾಗ ನನ್ನ ತಟ್ಟೆಗೆ ಒಂದು ತುಂಡು ಜಾಸ್ತಿ ಬೀಳತೊಡಗಿತು.

ಮೂರನೇ ಡೋಸ್ ಆದ ಮೇಲೆ ಜಿನುಗು ಕಡಿಮೆಯಾಯಿತು, ಆಮೇಲೆ ಮುಟ್ಟೇ ಬರಲಿಲ್ಲ. ಆಗ ಅತ್ತೆಗೆ ಹೊಸ ಚಿಂತೆ. 'ಕೆಟ್ಟ ರಕ್ತ ಒಳಗೇ ನಿಂತ್ಕೊಂಡ್ರೆ ಗಡ್ಡೆ ಆಗುತ್ತೆ ಕಣಮ್ಮ' ಅಂದರು. ಅವರನ್ನೂ ಕರೆದುಕೊಂಡು ಹೋದೆ. ಪದರವೇ ಬೆಳೆದಿಲ್ಲ ಅಂದಮೇಲೆ ಹೊರಗೆ ಹೋಗಲು ಏನೂ ಇಲ್ಲ, ಒಳಗೆ ಏನೂ ನಿಂತಿಲ್ಲ ಅಂತ ಡಾಕ್ಟರೇ ಹೇಳಿದರು. ಅತ್ತೆಗೆ ಸಮಾಧಾನವಾಯಿತು.

ಇದು ಬೇಡ ಅನ್ನಿಸಿದರೆ ನಿಲ್ಲಿಸಬಹುದು, ಅದು ನಮ್ಮ ಹಕ್ಕು. ಆದರೆ ನಿಲ್ಲಿಸಿದ ಕೂಡಲೇ ಮುಟ್ಟು ಸರಿಹೋಗುವುದಿಲ್ಲ, ಮೈಯಲ್ಲಿರುವ ಮದ್ದು ಇಳಿಯಲು ತಿಂಗಳುಗಳೇ ಬೇಕು. ಮತ್ತೆ ಗರ್ಭ ನಿಲ್ಲಲೂ ಕೊನೆಯ ಇಂಜೆಕ್ಷನ್ ಆದ ದಿನದಿಂದ ಸಾಮಾನ್ಯವಾಗಿ 7ರಿಂದ 10 ತಿಂಗಳು ಹಿಡಿಯುತ್ತದೆ. ಹಾಗಂತ ಅಷ್ಟೂ ದಿನ ಬೇರೆ ಉಪಾಯ ಇಲ್ಲದೆ ಇರುವಂತಿಲ್ಲ, ಕೆಲವರಿಗೆ ಬೇಗನೆ ಗರ್ಭ ನಿಲ್ಲಬಹುದು.

ಒಂದೆರಡು ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆಯುತ್ತಿದ್ದರೆ, ದೊಡ್ಡ ಗಡ್ಡೆಗಳು ಬೀಳುತ್ತಿದ್ದರೆ, ತಲೆ ಸುತ್ತಿ ಕಣ್ಣು ಕತ್ತಲಿಟ್ಟರೆ, ಜ್ವರ ಅಥವಾ ಕೆಳಹೊಟ್ಟೆ ನೋವು ಜೊತೆಗಿದ್ದರೆ ಕ್ಯಾಲೆಂಡರ್ ಗೀಚುತ್ತಾ ಕೂರಬೇಡಿ. ಮಳೆಯಾಗಲಿ, ರಾತ್ರಿಯಾಗಲಿ, ಜೀಪು ಮಾಡಿಸಿಕೊಂಡು ಹೊರಡಿ. ಇಲ್ಲವೇ 108ಕ್ಕೆ ಫೋನ್ ಮಾಡಿ.