ಬಾಗುಕೊಂಬಿನ ಓರಿಕ್ಸ್: ಓಡಿಸದೆ ಫೋಟೊ ತೆಗೆಯೋದು ಹೇಗೆ

ಬಾಗುಕೊಂಬಿನ ಓರಿಕ್ಸ್ ಮರುಭೂಮಿಯಂಚಿನ ದೊಡ್ಡ ಜಿಂಕೆಯಂಥ ಪ್ರಾಣಿ. ಬೇಲಿಯಿಲ್ಲದ ಬಯಲಿನಲ್ಲಿ ಇದನ್ನು ನೋಡಬೇಕಾದರೆ ಆಫ್ರಿಕಾದ ಚಾಡ್ ದೇಶದ ವಾದಿ ರಿಮೆ–ವಾದಿ ಅಶಿಮ್ ರಕ್ಷಿತ ಪ್ರದೇಶಕ್ಕೆ ಹೋಗಬೇಕು. 2000ದಲ್ಲಿ ಕಾಡಿನಿಂದಲೇ ಅಳಿದುಹೋಯಿತು ಎಂದು ಘೋಷಿಸಿದ್ದರು. ಸಾಕಿ ಬೆಳೆಸಿದ ಹಿಂಡುಗಳನ್ನು 2016ರಿಂದ ಅಲ್ಲಿ ಬಿಡುತ್ತಾ ಬಂದರು. ಮರಿಗಳಾದವು, ಹಿಂಡು ಬೆಳೆಯಿತು.

ಮಳೆಗಾಲ ಮುಗಿದು ತಂಪಾದ ಮೇಲೆ, ನವೆಂಬರ್‌ನಿಂದ ಫೆಬ್ರವರಿಯೊಳಗೆ ಹೋಗಿ. ಅನುಮತಿ ಪತ್ರ ಮತ್ತು ಅಲ್ಲಿನ ಕಾವಲುಗಾರರ ಜೊತೆ, ಎರಡೂ ಇರಲಿ.

ಹಿಂಡು ಕಂಡ ಕೂಡಲೇ ಜೀಪನ್ನು ಅದರತ್ತ ತಿರುಗಿಸಬೇಡಿ. ದೂರದಲ್ಲೇ ನಿಲ್ಲಿಸಿ, ಎಂಜಿನ್ ಆರಿಸಿ, ಸುಮ್ನೆ ಕೂತಿರಿ. ಮೇಯುತ್ತಿದ್ದ ಪ್ರಾಣಿ ತಲೆ ಎತ್ತಿ ನೋಡುತ್ತಾ ನಿಂತಿದ್ದರೆ ಅಷ್ಟೇ ಸಾಕು, ಇನ್ನು ಹತ್ತಿರ ಹೋಗಬೇಡಿ. ನೀರನ್ನು ಉಳಿಸಿಕೊಂಡೇ ಬದುಕುವ ಜೀವ ಅದು. ಬಿಸಿಲಲ್ಲಿ ಓಡಿಸಿದರೆ ಮೈ ಕಾದು ಬಳಲುತ್ತದೆ. ವಾಹನದಲ್ಲಿ ಅಟ್ಟಿಸಿಕೊಂಡು ಹೋಗಿ ಬೇಟೆಯಾಡಿದ್ದೂ ಇದು ಅಳಿಯಲು ಒಂದು ಕಾರಣ, ಅಲ್ವಾ? ಒಂಟಿ ಹೆಣ್ಣು ಕಂಡರೆ ಇನ್ನೂ ದೂರ ಇರಿ. ಹತ್ತಿರದ ಹುಲ್ಲಿನಲ್ಲಿ ಮರಿ ಅಡಗಿರಬಹುದು.

ನಾನು 500 ಮಿಲಿಮೀಟರ್ ಲೆನ್ಸ್ ಬಳಸುತ್ತೇನೆ. ಜೀಪಿನ ಕಿಟಕಿಯ ಮೇಲೆ ಕಾಳು ತುಂಬಿದ ಚೀಲ, ಅಂದರೆ ಬೀನ್‌ಬ್ಯಾಗ್ ಇಟ್ಟು ಅದರ ಮೇಲೆ ಕೂರಿಸುತ್ತೇನೆ. ಬೆಳಗಿನ ಮೊದಲ ಎರಡು ಗಂಟೆ ನನಗೆ ಚಿನ್ನ. ಆಮೇಲೆ ನೆಲ ಕಾದು ಬಿಸಿಲುಗುದುರೆ ಶುರುವಾಗುತ್ತದೆ. ಎಷ್ಟು ದುಬಾರಿ ಲೆನ್ಸ್ ಆದರೂ ಕಾಲು, ಕೊಂಬು ಎಲ್ಲ ಅಲೆಅಲೆಯಾಗಿ ಕಾಣುತ್ತವೆ. ಆಗ ಕ್ಯಾಮೆರಾ ಬದಿಗಿಟ್ಟು ಬೈನಾಕ್ಯುಲರ್ ತೆಗೆಯಿರಿ. ಕೆಂಪು ಕತ್ತು, ಹಿಂದಕ್ಕೆ ಬಾಗಿದ ಉದ್ದ ಕೊಂಬು. ಕೊಂಬು ಗಂಡಿಗೂ ಇದೆ, ಹೆಣ್ಣಿಗೂ ಇದೆ.

ಮೈ ಬಿಳಿ, ಮರಳೂ ತಿಳಿಬಣ್ಣ. ಕ್ಯಾಮೆರಾ ಮೋಸಹೋಗಿ ಚಿತ್ರವನ್ನು ಬೂದು ಮಾಡುತ್ತದೆ. ಎಕ್ಸ್‌ಪೋಶರ್ ಸ್ವಲ್ಪ ಹೆಚ್ಚಿಸಿ, ಹಿಸ್ಟೋಗ್ರಾಮ್ (ಚಿತ್ರದಲ್ಲಿ ಬೆಳಕು-ಕತ್ತಲೆ ಎಷ್ಟಿದೆ ಎಂದು ತೋರಿಸುವ ನಕ್ಷೆ) ನೋಡಿ, ಬೆನ್ನಿನ ಮೇಲಿನ ಕೂದಲಿನ ವಿವರ ಉಳಿದಿದೆಯಾ ಎಂದು ಜೂಮ್ ಮಾಡಿ ಖಚಿತಪಡಿಸಿಕೊಳ್ಳಿ. ಧೂಳು ಜಾಸ್ತಿ, ಆದ್ದರಿಂದ ಬಯಲಲ್ಲಿ ಲೆನ್ಸ್ ಬದಲಿಸಬೇಡಿ.

ಕೆಲವು ಓರಿಕ್ಸ್‌ಗಳ ಕತ್ತಿನಲ್ಲಿ ಅವು ಎಲ್ಲಿವೆ ಎಂದು ತಿಳಿಸುವ ಜಿಪಿಎಸ್ ಕಾಲರ್ (ಪಟ್ಟಿ) ಇರುತ್ತದೆ. ಫೋಟೊದಲ್ಲಿ ಅದನ್ನು ಅಳಿಸಬೇಡಿ, ಅದು ಈ ಪ್ರಾಣಿಯ ಈಗಿನ ಕಥೆಯ ಭಾಗ. ಅಳಿಸಬೇಕಾದದ್ದು ಫೋಟೊ ಫೈಲಿನೊಳಗಿನ ಜಾಗದ ಮಾಹಿತಿ. ಬೇಟೆಗಾರರಿಗೆ ಜಾಗ ಸಿಗದಂತೆ, ಹಂಚಿಕೊಳ್ಳುವ ಮುಂಚೆಯೇ ಅದನ್ನು ತೆಗೆದುಹಾಕಿ.